ಹುಣಸೆಹಣ್ಣಿನಲ್ಲಿ ತೊಳೆದ ನಾಣ್ಯ

ನಜ್ಮಾ ಬಡಾವಣೆ, ದೋಹಾ, ಕತಾರ್
೧೪-೬-೨೦೦೬

ಪೃಥ್ವಿರಾಜ್ ಧಣಿಗಳಿಗೆ,

ಚನಿಯ ಬರೆಯುವುದು. ಅಂಗಡಿಗಳ ಚಿಲ್ಲರೆಯಿಂದ ತಾಮ್ರದ ನಾಣ್ಯ ಆರಿಸಿ, ಕರಗಿಸುವವರಿಗೆ ನನ್ನ ರೂಮಿನಲ್ಲೇ ಗುಟ್ಟಾಗಿ ಮೂಟೆ ಕಟ್ಟುವ ಕೆಲಸ ಕೊಟ್ಟಿರಿ. ಕೊಳೆ ತೆಗೆಯಬೇಡ ಎಂದಿದ್ದಿರಿ. ನಾನು ಒಂದು ಮೂಟೆಯ ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಊರಲ್ಲಿ ನಿಮ್ಮ ತಾಮ್ರದ ಹಂಡೆಗಳನ್ನು ನನ್ನ ಅಮ್ಮ ಅಂಗಳದಾಚೆ ಕೂತು ಹಾಗೆಯೇ ಬೆಳಗುತ್ತಿದ್ದಳು. ನೀವು ನೀರು ಚಿಮುಕಿಸಿ ಒಳಗೊಯ್ಯುತ್ತಿದ್ದಿರಿ. ಹೊಳೆದರೆ ನಿಮಗೆ ಖುಷಿಯಾದೀತು ಎಂದುಕೊಂಡೆ.

ನಿನ್ನೆ ಅದರಲ್ಲಿ ಕೆಲವು ನನ್ನ ಜೇಬಿನಲ್ಲಿ ಉಳಿದು, ಚಹಾದ ದುಡ್ಡಿನ ಜೊತೆ ಹೋದವು.

"ಏನು ಚನಿಯಣ್ಣ, ರೂಮಲ್ಲೇ ಅಚ್ಚು ಹಾಕ್ಲಿಕ್ಕೆ ಶುರು ಮಾಡಿದ್ರಾ?" ಎಂದು ಕೆಫೆಟೇರಿಯಾದ ಹಮೀದಣ್ಣ ನಕ್ಕರು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಪೊಲೀಸ್ ನಗಲಿಲ್ಲ. ಒಂದು ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ನನ್ನ ರೂಮು ಎಲ್ಲಿ ಎಂದು ಕೇಳಿದ.

ತಕ್ಷಣ ನಿಮಗೆ ಫೋನ್ ಮಾಡಿದೆ. "ಯಾರಾದ್ರೂ ಕೇಳಿದ್ರೆ ಮೂಟೆ ನಿನ್ನದೇ ಅಂತ ಹೇಳು. ಖಲಾಸ್" ಎಂದಿರಿ. ಆಮೇಲೆ ಎತ್ತಲೇ ಇಲ್ಲ.

ಬಾಗಿಲು ಯಾರು ತಟ್ಟಿದರೂ ಮೊದಲು ಮೂಟೆಗಳ ಮೇಲೆ ಚಾದರ ಎಳೆಯುತ್ತೇನೆ. ಬೆರಳಿನ ಹುಳಿವಾಸನೆ ಎಷ್ಟು ತೊಳೆದರೂ ಹೋಗುತ್ತಿಲ್ಲ. ನೀವು ತೆಗೆದಿಟ್ಟುಕೊಂಡ ನನ್ನ ಪಾಸ್‌ಪೋರ್ಟನ್ನು, ಈ ಕಾಗದ ತಂದ ನನ್ನ ರೂಮಿನ ಪಂಚಪ್ಪನ ಕೈಯಲ್ಲೇ ಕಳಿಸಿ. ಮೂಟೆಗಳನ್ನು ಇವತ್ತೇ ಒಯ್ಯಿರಿ.

ಹೆದರಿದ್ದೇನೆ ಧಣಿ, ಮುಚ್ಚಿಡುವುದಿಲ್ಲ. ಆದರೆ ಮೂಟೆ ನನ್ನದು ಎನ್ನಲಾರೆ. ಬೆಳಿಗ್ಗೆ ಹಮೀದಣ್ಣನ ಹತ್ತಿರ ಕೂತು, ನಿಮ್ಮ ಹೆಸರನ್ನು ಅರಬ್ಬಿಯಲ್ಲಿ ಬರೆಯಲು ಕಲಿತೆ. ಅಕ್ಷರ ಸೊಟ್ಟ, ಆದರೂ ಪೊಲೀಸರಿಗೆ ಓದಲು ಬರುತ್ತದೆಯಂತೆ.

ಇಂತಿ,
ಚನಿಯ