ನನ್ನ ಕೋವಿ ಹೊತ್ತವನನ್ನು ಬಿಟ್ಟುಬಿಡಿ

ಮಾನ್ಯ ಕೋವಿ ಪರವಾನಗಿ ಅಧಿಕಾರಿಗಳೇ,

ನನ್ನ ಕೋವಿ ಹೊತ್ತ ತಪ್ಪಿಗೆ ನನ್ನ ಗದ್ದೆ ಕಾಯುವ ಕೇತನ್ ಮೂರು ದಿನದಿಂದ ಲಾಕಪ್ಪಿನಲ್ಲಿದ್ದಾನೆ. ತಪ್ಪು ನನ್ನದು. ಅದನ್ನು ನನ್ನ ಹೆಸರಿಗೆ ಬರೆದುಕೊಳ್ಳಿ ಎಂದು ಕೇಳಲು ಈ ಪತ್ರ.

ಈ ಕಥೆಯನ್ನು ಮೊದಲು ಹೇಳಿದವನು ರಸ್ತೆ ತಿರುವಿನ ಚಹಾದಂಗಡಿಯ ಕರುಣಾಕರನ್. ಸೋಮವಾರ ಸಂಜೆ, ಕೇತನನ ಹೆಂಡತಿ ಚಿಕ್ಕಿಗೂ ಕೆಲಸ ಬಿಟ್ಟು ಬಂದಿದ್ದ ಹತ್ತು ಹನ್ನೆರಡು ಕೂಲಿಯವರಿಗೂ ಹೇಳಿದ. ಅವನು ಕಣ್ಣಾರೆ ಕಂಡಿದ್ದ. ನಾನು ಆ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ.

ನಕ್ಸಲರ ಗಲಾಟೆ ಶುರುವಾದ ಮೇಲೆ ನೀವು ಹೊರಡಿಸಿದ ಆದೇಶ ನೆನಪಿರಬಹುದು: ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು, ಇಟ್ಟುಕೊಳ್ಳಲೇಬೇಕೆನ್ನುವವರು ಕಾರಣ ಬರೆದು, ಕೋವಿಯನ್ನೂ ತಂದು ತೋರಿಸಬೇಕು. ಸೋಮವಾರ ಹೊರಟೆವು. ಮುಂದೆ ನಾನು, ಕೊಡೆ ಮತ್ತು ಅರ್ಜಿ ಹಿಡಿದು. ಹಿಂದೆ ಕೇತನ್, ಕೋವಿ ಹೊತ್ತು. ನಮ್ಮ ಕಡೆ ಜಮೀನಿದ್ದವನು ತನ್ನ ಕೋವಿ ತಾನೇ ಹೊರುವುದುಂಟೇ? ಹನ್ನೆರಡು ವರ್ಷದಿಂದ ಅದಕ್ಕೆ ಎಣ್ಣೆ ಹಾಕಿದವನು, ಗದ್ದೆಯ ಅಟ್ಟಣೆಯಲ್ಲಿ ಕೂತು ಹಂದಿ ಓಡಿಸಿದವನು ಅವನೇ. ನಾನು ಒಂದೇ ಒಂದು ಸಲ ಗುಂಡು ಹಾರಿಸಿದ್ದೇನೆ. ನಮ್ಮ ಬಚ್ಚಲಿನ ಹಂಡೆ ಸತ್ತಿತು.

“ಗೌಡ್ರೇ, ನೀವು ಮುಂದೆ ನಡೀರಿ. ಇದು ನಿಮ್ಮ ಕೈಲಿದ್ರೆ ನಂಗೇ ಪೇಡಿ, ಹೆದ್ರಿಕೇಲಿ ಜೀವ ನಡುಗ್ತದೆ” ಎಂದು ಕೇತನ್ ನಕ್ಕಿದ್ದ.

ತಿರುವಿನಲ್ಲಿ ಪೊಲೀಸ್ ಜೀಪು ನಿಂತಿತ್ತು. ಪೊಲೀಸರಿಗೆ ಕಂಡದ್ದೇನು? ಇಸ್ತ್ರಿ ಅಂಗಿಯ ಗೌಡ, ಅವನ ಬೆನ್ನ ಹಿಂದೆ ಕೋವಿ ಹಿಡಿದ ಕಾಡಿನವನು. “ನಿಲ್ಲಡಾ!” ಎಂದರು. ಕೇತನ್ ಸುಮ್ಮನೆ ನಿಂತ. ನಾನು ಕೊಡೆ ಬಿಸಾಡಿ, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿದೆ. ನಾನು ಒತ್ತೆಯಾಳೆಂಬುದರಲ್ಲಿ ಅವರಿಗಿದ್ದ ಸಂಶಯವೂ ತೀರಿತು.

“ಗೌಡ್ರೇ, ಸಾರ್‌ಗೆ ಹೇಳಿ, ಕೋವಿ ನಿಮ್ದೇ ಅಲ್ವಾ?” ಎಂದ ಕೇತನ್.

ಹೇಳಿದೆ. ಆಗ ಇನ್‌ಸ್ಪೆಕ್ಟರ್ ನನ್ನ ಅರ್ಜಿ ಬಿಡಿಸಿ ಗಟ್ಟಿಯಾಗಿ ಓದಿದರು: ‘ಕಾಡಿನ ಕೂಲಿಯವರು ನಕ್ಸಲರ ಜೊತೆ ಸೇರಿರುವುದರಿಂದ ನನಗೆ ಜೀವಭಯವಿದೆ.’ ಹಂದಿ ಎಂದು ಬರೆದರೆ ಕೋವಿ ಉಳಿಯುವುದಿಲ್ಲ, ನಕ್ಸಲ್ ಎಂದು ಬರೆದರೆ ಉಳಿಯುತ್ತದೆ ಎಂದು ಯಾರೋ ಬುದ್ಧಿವಂತರು ಹೇಳಿದ್ದರು. ನಾನು ಅವರಿಗಿಂತ ಬುದ್ಧಿವಂತ, ನೇರವಾಗಿ ಬರೆದೇಬಿಟ್ಟಿದ್ದೆ. ಕೇತನ್ ನನ್ನ ಮುಖ ನೋಡಿದ. ಅವನನ್ನೂ ಕೋವಿಯನ್ನೂ ಜೀಪಿಗೆ ಹಾಕಿಕೊಂಡು ಹೋದರು.

ಜೀವ ಕಾಯ್ದುಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಅದಕ್ಕೆ ಕೋವಿ ಬೇಕೋ ಬೇಡವೋ ಎಂಬುದು ಅವರವರ ಆಯ್ಕೆ ಎಂದೂ ಅದೇ ಅರ್ಜಿಯಲ್ಲಿ ವಾದಿಸಿದ್ದೆ. ಈಗಲೂ ನನ್ನ ಮಾತು ಅದೇ. ಆದರೆ ಆನೆ ಬರುವ ಗದ್ದೆಯಲ್ಲಿ ಮಲಗುವವನು ಕೇತನ್. ಪರವಾನಗಿ ಇರುವುದು ಮನೆಯೊಳಗೆ ಅಗಳಿ ಹಾಕಿ ಮಲಗುವವನ ಹೆಸರಿನಲ್ಲಿ. ಹೆದರುವ ಹಕ್ಕಿಗೂ ಜಮೀನಿನ ಪಟ್ಟೆ ಬೇಕೇ, ಸ್ವಾಮಿ? ನಿನಗೆ ಯಾರ ಭಯ, ಕೋವಿ ಬೇಕೇ ಎಂದು ನೀವಾಗಲಿ ನಾನಾಗಲಿ ಅವನನ್ನು ಒಮ್ಮೆಯಾದರೂ ಕೇಳಿದ್ದೇವೆಯೇ?

ಆದ್ದರಿಂದ ನನ್ನ ಅರ್ಜಿಯನ್ನು ಸುಳ್ಳೆಂದು ಹರಿದುಹಾಕಿ. ಕೇತನನನ್ನು ಇಂದೇ ಬಿಡಿ. ಅವನು ಬೇಕೆಂದರೆ ಪರವಾನಗಿ ಅವನ ಹೆಸರಿಗೆ ಕೊಡಿ. ಬೇಡವೆಂದರೆ ಕೋವಿ ನಿಮ್ಮಲ್ಲೇ ಇರಲಿ.

ಕರುಣಾಕರನ್‌ನ ಕಥೆ ಕೇಳಿದವರು ಮಾರನೆಯ ಬೆಳಿಗ್ಗೆ ನನ್ನ ಗದ್ದೆಗೆ ಇಳಿಯಲಿಲ್ಲ. ಎಲ್ಲರೂ ಠಾಣೆಯ ಮುಂದೆ ಹೋಗಿ ಕೂತರು, ಇನ್ನೂ ಎದ್ದಿಲ್ಲ. ನಾನೂ ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಚಿಕ್ಕಿ. ಒಂದೊಂದು ಸಾಲಿಗೂ ನನ್ನ ಕೈ ಹಿಡಿದು ನಿಲ್ಲಿಸುತ್ತಾಳೆ: “ಈಗ ಬರ್ದದ್ದು ಏನು? ಓದಿ, ಗೌಡ್ರೇ. ಜೋರಾಗಿ ಓದಿ, ಎಲ್ಲರೂ ಕೇಳ್ಲಿ.”

ಇಂತಿ,
ತನ್ನ ಕಾವಲುಗಾರನಿಂದಲೇ ಪೊಲೀಸರು ಕಾಪಾಡಿದ,
ಚೆನ್ನ, ಬಾವಲಿ