ಇತರೆ ಎಂದು ಬರೆದವರು

ಹೂಳು ಮಾಸದ ನಲವತ್ತೊಂದನೆಯ ದಿನ, ೨೨೧೮

ಪ್ರೀತಿಯ ಸುಗಂಧಾ ಅಜ್ಜಿಗೆ,

ನೀನು ನನಗಿಂತ ಏಳು ತಲೆ ಹಿಂದಿನವಳು. ಶಾಲೆಯಲ್ಲಿ ಪಾಠ ಮುಗಿಸಿ ಜನಗಣತಿಗೂ ಮನೆಮನೆ ತಿರುಗುತ್ತಿದ್ದ ಅಕ್ಕೋರು ಎಂದು ನಮ್ಮಲ್ಲಿ ಇನ್ನೂ ಹೇಳುತ್ತಾರೆ, ಅದಕ್ಕೇ ಈ ಕಾಗದ. ನಾನು ದೋಣಿಗಳ ಮೇಲಿನ ಅಕ್ಷರ ಕೂಡಿಸಿ ಓದು ಕಲಿತವನು. ಮಾತು ವಿಚಿತ್ರವೆನಿಸಿದರೆ ಬೈಯಬೇಡ. ತಿಂಗಳಿಗೆ ನಲವತ್ತೊಂದು ದಿನವೇ ಎಂದೂ ಕೇಳಬೇಡ; ನೀರಿನ ಹೂಳು ತಳಕ್ಕೆ ಇಳಿಯುವ ತನಕ ನಮ್ಮ ತಿಂಗಳು ಮುಗಿಯುವುದಿಲ್ಲ.

ಸಮುದ್ರ ಏರಿ ಊರುಗಳು ಮುಳುಗಿದಾಗ ಹತ್ತಾರು ಜಾತಿಯ ಜನ ಒಂದೇ ಕೆಸರಿನ ದಿಬ್ಬ ಹತ್ತಿದರಂತೆ. ಅಲೆ ತಡೆಯಲು ಉಪ್ಪುನೀರಲ್ಲೇ ಬೇರೂರುವ ಕಾಂಡ್ಲ ಗಿಡ ನೆಟ್ಟರು, ಅದರ ಬೇರುಗಳ ನಡುವೆ ಏಡಿ ಹಿಡಿದರು, ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದರು. ಮಗು ಹುಟ್ಟಿದರೆ ಇಂದಿಗೂ ಒಂದು ಸಸಿ ಊರುತ್ತೇವೆ; ಅದು ಎರಡೆಲೆ ಬಿಟ್ಟ ಮೇಲೆಯೇ ಮಗುವಿಗೆ ಹೆಸರು. ಹೀಗೆ ನಾವು ಕಾಂಡ್ಲಿಗರಾದೆವು. ಆದರೆ ಯಾವ ಮಂದಿ ಯಾವ ನೆಲದಲ್ಲಿರಬಹುದೆಂದು ತೀರ್ಮಾನಿಸುವ ಜನಪಟ್ಟಿ ಕಚೇರಿಯಲ್ಲಿ ಅಂಥ ಹೆಸರಿಲ್ಲ. ಹಳೆ ಊರು ಕೇಳಿದರು, ಅದು ನೀರಡಿ. ಹಳೆ ಜಾತಿ ಕೇಳಿದರು, ಅದು ಬೆರೆತು ಯಾವ ಕಾಲವಾಯಿತೋ. ಕೊನೆಗೆ ಹಾಳೆಯ ತಳದ ಖಾನೆಗೆ ತಳ್ಳಿದರು: ಇತರೆ.

ಆ ಮಾತು ಕಿವಿಗೆ ಬಿದ್ದ ದಿನ ನನ್ನ ಅಪ್ಪ ಊಟ ಬಿಡುತ್ತಿದ್ದ. ನಾವು ಹುಡುಗರು ಅದನ್ನು ತಮಾಷೆ ಮಾಡಿಕೊಂಡೆವು. ಪೇಟೆಯವರು "ಇತರೆ ಬಂದ್ರು, ಬುಟ್ಟಿ ಮುಚ್ಚಿ" ಎಂದು ಅಣಕಿಸಿದ್ದಕ್ಕೆ ನಾನು ದೋಣಿಯ ಮೂತಿಗೆ ದೊಡ್ಡದಾಗಿ ಇತರೆ ಎಂದೇ ಬರೆದೆ. ಎಲ್ಲರೂ ನಕ್ಕರು, ತಾವೂ ಬರೆದರು. ಆಮೇಲೆ ಇತರೆ ಸಾರು, ಇತರೆ ಮದುವೆ. ಮಕ್ಕಳು ಜಗಳವಾಡಿದರೂ ನೀನೆಂಥ ಇತರೆ ಮಾರಾಯ ಎನ್ನುವುದು. ಬೈಗುಳದ ಹಲ್ಲು ಕಿತ್ತೆ ಎಂದು ಬೀಗಿದ್ದೆ. ಅಂಥ ದಡ್ಡ ನಾನು.

ಮೂವತ್ತೊಂದು ವರ್ಷ ಅರ್ಜಿ ಹಿಡಿದು ಅಲೆದೆ. ಈ ಸಲ ಕಚೇರಿ ಮಣಿದು ಖಾನೆಯ ಬದಲು ಖಾಲಿ ಗೆರೆ ಕೊಟ್ಟಿತು. ನಿಮ್ಮ ಹೆಸರು ನೀವೇ ಬರೆಯಿರಿ, ಅರ್ಧಕ್ಕಿಂತ ಹೆಚ್ಚು ಜನ ಬರೆದರೆ ಅದು ಪಟ್ಟಿಗೆ ಸೇರುತ್ತದೆ, ನೆಟ್ಟ ಕಾಂಡ್ಲವೂ ನಿಮ್ಮದು ಎಂದರು. ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ತಮ್ಮ ಹೆಸರು ತಮಗೆ ಗೊತ್ತಿಲ್ಲವೇ ಎಂದುಕೊಂಡೆ. ಒಂಬೈನೂರು ಮಂದಿಯಲ್ಲಿ ಕಾಂಡ್ಲಿಗ ಎಂದು ಬರೆದವರು ನಲವತ್ತು ಜನ, ಎಲ್ಲ ಮುದುಕರು. ಉಳಿದವರು ಆ ಖಾಲಿ ಗೆರೆಯ ಮೇಲೆ ನೀಟಾಗಿ ಇತರೆ ಎಂದು ಬರೆದಿದ್ದರು. ಅದು ಹೆಸರೇ ಅಲ್ಲವೆಂದು ಕಚೇರಿ ಹಾಳೆಗಳನ್ನು ಕಟ್ಟಿಟ್ಟಿತು.

ಮೊಮ್ಮಗಳು ನೀಲುವಿನ ಮೇಲೆ ರೇಗಿದೆ. ಅವಳು ಏಡಿಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಾವು ಇತರೆಯೇ ಅಲ್ದಾ ಅಜ್ಜಾ? ನಿನ್ನ ದೋಣಿ ಮೇಲೂ ಅದೇ ಉಂಟಲ."



ಮುಂದಿನ ಎಣಿಕೆ ಇಪ್ಪತ್ತು ವರ್ಷಕ್ಕೆ. ಅಷ್ಟರಲ್ಲಿ ಕಾಂಡ್ಲ ಕಡಿದು ಬಂದರು ಕಟ್ಟುತ್ತಾರಂತೆ. ನಾನಂತೂ ಇರುವುದಿಲ್ಲ. ಅಜ್ಜಿ, ಗಣತಿಗೆಂದು ನೀನು ಹೋಗುವ ಯಾವುದೋ ಬಾಗಿಲಲ್ಲಿ ಯಾರಾದರೂ ಪಟ್ಟಿಯಲ್ಲಿಲ್ಲದ ಹೆಸರೊಂದನ್ನು ಹೇಳಿಯಾರು. ನಿನಗೆ ಹೊತ್ತಾಗಿರುತ್ತದೆ, ಕಾಲು ಸೋತಿರುತ್ತದೆ, ತಳದ ಖಾನೆಗೆ ಗೀರು ಎಳೆಯುವುದು ಸುಲಭ. ಎಳೆಯಬೇಡ. ಅಲ್ಲೇ ಜಗಲಿಯಲ್ಲಿ ಕೂತುಕೊ, ಒಂದು ಲೋಟ ನೀರು ಕೇಳಿ ಕುಡಿ. ಅವರು ಹೇಳಿದ ಹಾಗೆಯೇ, ಹಾಳೆಯ ಅಂಚಿನಲ್ಲಾದರೂ ಬರೆ. ಬರೆದದ್ದನ್ನು ಒಳಗಿರುವ ಮಕ್ಕಳಿಗೆ ಕೇಳುವ ಹಾಗೆ ಒಮ್ಮೆ ಗಟ್ಟಿಯಾಗಿ ಓದು.

ನಿನ್ನ ಕುಡಿ,
ಬೊಮ್ಮಯ್ಯ ಕಾಂಡ್ಲಿಗ