ಬೆಸ ಸಂಖ್ಯೆಯೇ ಇಲ್ಲದ ದನಗಳು

ನವೆಂಬರ್ ೧೪, ಶುಕ್ರವಾರ. ಕಡೂರು.

ವಾರದಿಂದ ತಲೆ ತಿನ್ನುತ್ತಿದ್ದದ್ದು ಇವತ್ತು ಬಗೆಹರಿಯಿತು. ತರೀಕೆರೆ, ಅಜ್ಜಂಪುರದ ದನಗಳ ಹಳೇ ದಾಖಲೆ ನಾವು ವಿಮೆಗೆಂದು ಮಾಡುತ್ತಿರುವ ಹೊಸ ಡೇಟಾಬೇಸಿಗೆ ಬಂದಾಗಿತ್ತು. ನಮ್ಮ ಕಡೂರಿನದೇ ಹಟ. ಎಮ್ಮೆದೊಡ್ಡಿ ಕಡೆಯ ದನಗಳ ವಯಸ್ಸೆಲ್ಲ ಎರಡು, ನಾಲ್ಕು, ಆರು, ಎಂಟು. ಬೆಸ ಸಂಖ್ಯೆಯೇ ಇಲ್ಲ!

"ಎಂಟು ದಾಟಿದ್ದೇ ಇಲ್ವಲ್ಲ ಮೇಡಂ, ಎಲ್ಲಾ ಎಂಟಕ್ಕೇ ಸಾಯ್ತಾವಾ?" ಅಂದ ಜೊತೆಗೆ ಕೆಲಸ ಮಾಡುವ ಕಾಂತರಾಜ್. ಆಗ ಹೊಳೆಯಿತು. ವಯಸ್ಸಿನ ಜಾಗದಲ್ಲಿ ಹಲ್ಲಿನ ಲೆಕ್ಕ ಬರೆದಿದ್ದಾರೆ. ದನಕ್ಕೆ ದೊಡ್ಡ ಹಲ್ಲು ಬರುವುದು ಜೋಡಿಜೋಡಿಯಾಗಿ, ಎಂಟಕ್ಕೆ ಮುಗಿಯಿತು. ಹೀಗೇ ಬಿಟ್ಟಿದ್ದರೆ ಆಗತಾನೆ ಎಂಟೂ ಹಲ್ಲು ಬಂದು ಬಾಯಿಗೂಡಿದ ಪ್ರಾಯದ ಎತ್ತುಗಳೆಲ್ಲ ಎಂಟು ವರ್ಷದ ಮುದಿಯೆಂದು ವಿಮೆಯಿಂದ ಹೊರಗೆ.

"ಕಡೂರಿಗೇ ಬೇರೆ ಫೀಲ್ಡ್ ಮಾಡ್ಬಿಡ್ತೀನಿ" ಎಂದ. ರೇಗಿತು. "ಬೇಡ ಕಣೋ, ಊರಿಗೊಂದು ಮಾಡ್ಕೊಂಡೇ ಈ ಗತಿ ಬಂದಿರೋದು!" ತರೀಕೆರೆಗೆಂದು ನಾವೇ ಅರ್ಥ ಸಮೇತ ಬರೆದಿಟ್ಟ ಫೀಲ್ಡುಗಳಲ್ಲಿ ಹಲ್ಲು ಬೇರೆ, ವರ್ಷ ಬೇರೆ ಇದ್ದವು. ಅವನ್ನೇ ಇಲ್ಲಿಗೂ ಹಾಕಿದೆವು. ವರ್ಷ ಗೊತ್ತಿಲ್ಲದ ಕಡೆ ಖಾಲಿ ಬಿಟ್ಟೆವು. ಸಂಜೆಯೊಳಗೆ ಎಲ್ಲ ಸಲೀಸಾಗಿ ಕೂತಿತು.

ಮನೆಗೆ ಬಂದವಳೇ ಅದೇ ಖುಷಿಯಲ್ಲಿ ಕೊಟ್ಟಿಗೆಗೆ ಹೋಗಿ ನಮ್ಮ ಕಡಸಿನ ಬಾಯಿ ಅಗಲಿಸಿ ನೋಡಿದೆ. ಎರಡು ಹಲ್ಲು. ಅಮ್ಮ ಗಾಬರಿಯಿಂದ ಓಡಿಬಂದಳು.

"ಯಾಕೇ ಹಲ್ಲು ನೋಡ್ತಿದ್ದೀಯ, ಮಾರ್ಬೇಕು ಅಂತಿದ್ದೀಯೇನೇ ಅದನ್ನ?"

ಇಲ್ಲಮ್ಮ ಅಂದರೆ ನಂಬಿಕೆಯಿಲ್ಲ. ಇವತ್ತು ಕೊಟ್ಟಿಗೆ ಪಕ್ಕದ ಜಗುಲಿಯಲ್ಲೇ ಚಾಪೆ ಹಾಸಿಕೊಂಡು ಕಡಸಿಗೆ ಕಾವಲು ಮಲಗಿದ್ದಾಳೆ ಅಮ್ಮ.